ಸಂತಾನ ಇಲ್ಲ ಎಂದು ಬರೆಸಿಕೊಂಡ ದೊಡ್ಡ ತಾತ: ಕೋಲಾರದಿಂದ ನಟಾಲ್‌ವರೆಗಿನ ಹುಡುಕಾಟ

ಎಲ್ಲ ಶುರುವಾದದ್ದು ಪೌತಿ ಖಾತೆಯಿಂದ. ಅಪ್ಪ ತೀರಿಕೊಂಡ ಮೇಲೆ ಜಮೀನು ನಮ್ಮ ಹೆಸರಿಗೆ ಆಗಬೇಕಿತ್ತು. ಅದಕ್ಕೆ ವಂಶವೃಕ್ಷ ಬೇಕಲ್ವಾ, ಟ್ರಂಕಿನಲ್ಲಿದ್ದ ಹಳೇ ಕಾಗದಗಳನ್ನೆಲ್ಲ ಹೊರಗೆ ತೆಗೆದೆವು. ತಾತನ ಕಾಲದ ಪಾಲುಪತ್ರದ ಜೊತೆ ಪೆನ್ಸಿಲಿನಲ್ಲಿ ಬರೆದ ಒಂದು ವಂಶಾವಳಿ ಸಿಕ್ಕಿತು. ಅದರಲ್ಲಿ ನನ್ನ ಮುತ್ತಾತನ ಹೆಸರಿನ ಎಡಕ್ಕೆ ಇನ್ನೊಂದು ಹೆಸರು. ಮುತ್ತಾತನ ಅಣ್ಣ. ಕೆಳಗೆ ಎರಡೇ ಮಾತು: ‘ದೇಶಾಂತರ. ಸಂತಾನ ಇಲ್ಲ.’

ದೇಶಾಂತರ ಹೋಗಿ ಸುದ್ದಿಯೇ ಇಲ್ಲದವನಿಗೆ ಸಂತಾನ ಇಲ್ಲ ಅಂತ ಇವರಿಗೆ ಹೇಗೆ ಗೊತ್ತಾಯಿತು? ನನ್ನ ತಲೆ ಕೊರೆದದ್ದು ಇದೇ. ಪಾಲು ಮಾಡುವಾಗ ಹಾಗೆ ಬರೆದರೆ ಸುಲಭ, ಅಷ್ಟೇ ಇರಬೇಕು. ತಪ್ಪು ಅಂತ ಹೇಳುತ್ತಿಲ್ಲ. ಅವರ ಜಾಗದಲ್ಲಿ ನಾನಿದ್ದರೂ ಹಾಗೇ ಬರೆಸುತ್ತಿದ್ದೆನೇನೋ. ಆದರೆ ಖಾತೆ ಕೆಲಸ ಮುಗಿದ ಮೇಲೂ ಆ ಎರಡು ಮಾತು ನನ್ನನ್ನು ಬಿಡಲಿಲ್ಲ. ಮೂರು ವರ್ಷ ಹುಡುಕಿದೆ. ಹೇಗೆ ಹುಡುಕಿದೆ, ಎಲ್ಲೆಲ್ಲಿ ಎಡವಿದೆ ಅನ್ನುವುದನ್ನು ಇಲ್ಲಿ ಬರೆಯುತ್ತಿದ್ದೇನೆ. ಅವರ ಹೆಸರನ್ನು ಮಾತ್ರ ಬರೆಯುವುದಿಲ್ಲ. ಯಾಕೆ ಅಂತ ಆಮೇಲೆ ಗೊತ್ತಾಗುತ್ತದೆ. ಮನೆಯಲ್ಲಿ ಕರೆಯುವ ಹಾಗೆ ದೊಡ್ಡ ತಾತ ಅಂತಲೇ ಕರೆಯುತ್ತೇನೆ.

ಮೊದಲು ಮನೆಯ ಹಿರಿಯರನ್ನು ಕೇಳಿದೆ. ಮೂವರು ಉಳಿದಿದ್ದರು, ಮೂವರೂ ಮೂರು ಥರ ಹೇಳಿದರು. ಒಬ್ಬರು ರಂಗೂನಿಗೆ ಹೋದರು ಅಂದರು. ಇನ್ನೊಬ್ಬರು ಮಲಯ. ಅತ್ತೆಗೆ ದೇಶದ ಹೆಸರು ಗೊತ್ತಿರಲಿಲ್ಲ, ಆದರೆ ಅವರ ಅಜ್ಜಿ, ಅಂದರೆ ನನ್ನ ಮುತ್ತಜ್ಜಿ, ಹೇಳುತ್ತಿದ್ದ ಮಾತು ಹಾಗೇ ನೆನಪಿತ್ತು: ‘ಧಾತು ವರ್ಷದಲ್ಲಿ ಹುಟ್ಟಿದೋನು, ಪ್ಲೇಗು ಕಳೆದ ಮೇಲೆ ಶಾರ್ವರೀಲಿ ಹೋದ, ಕಬ್ಬಿನ ತೋಟಕ್ಕೆ.’

ಈ ಒಂದು ಸಾಲಿನಲ್ಲಿ ಎಷ್ಟು ಸಂಗತಿ ಇದೆ ಅಂತ ನನಗೆ ಆಗ ಹೊಳೆಯಲೇ ಇಲ್ಲ. ನಮ್ಮ ಹಿರಿಯರು ಇಸವಿ ಹೇಳುವುದಿಲ್ಲ, ಸಂವತ್ಸರ ಹೇಳುತ್ತಾರೆ. ಒಂದೇ ತೊಂದರೆ ಅಂದರೆ 60 ವರ್ಷಕ್ಕೊಮ್ಮೆ ಅದೇ ಹೆಸರು ತಿರುಗಿ ಬರುತ್ತದೆ. ಶಾರ್ವರಿ ಅಂದರೆ 1840 ಆಗಬಹುದು, 1900 ಆಗಬಹುದು, 1960 ಆಗಬಹುದು, ಮೊನ್ನೆ ಮೊನ್ನೆಯ 2020 ಕೂಡ ಶಾರ್ವರಿಯೇ. ಆದರೆ ಪಕ್ಕದಲ್ಲಿ ಪ್ಲೇಗು ಅನ್ನುವ ಮಾತಿದೆ. ಬೆಂಗಳೂರಿಗೆ ಪ್ಲೇಗು ಬಂದದ್ದು 1898ರಲ್ಲಿ. ಹಾಗಾದರೆ ಇದು 1900ರ ಯುಗಾದಿಯಿಂದ 1901ರ ಯುಗಾದಿಯವರೆಗಿನ ಶಾರ್ವರಿಯೇ. ಧಾತು ಅಂದರೆ 1876. ಧಾತು, ಈಶ್ವರ ಎರಡೂ ಸೇರಿ ದೊಡ್ಡ ಬರದ ವರ್ಷಗಳು. 1871ರ ಜನಗಣತಿಯಲ್ಲಿ ಮೈಸೂರು ಸಂಸ್ಥಾನದಲ್ಲಿ 50 ಲಕ್ಷ ದಾಟಿದ್ದ ಜನ 1881ರ ಹೊತ್ತಿಗೆ 42 ಲಕ್ಷದ ಹತ್ತಿರಕ್ಕೆ ಇಳಿದಿದ್ದರು. ಅಂಥ ವರ್ಷದಲ್ಲಿ ಹುಟ್ಟಿ ಬದುಕಿದ ಮಗು, ಹೊರಟಾಗ 24 ವರ್ಷ.

ಇನ್ನು ಕಬ್ಬು. ಬರ್ಮಾ ಅಂದರೆ ಭತ್ತ, ಸಿಲೋನ್ ಅಂದರೆ ಟೀ. ಕಬ್ಬಿಗೆ ಅಂತ ಜನ ಹೋಗುತ್ತಿದ್ದದ್ದು ಮಾರಿಷಸ್, ಫಿಜಿ, ನಟಾಲ್, ಇನ್ನೂ ದೂರದ ಕೆಲವು ದ್ವೀಪಗಳು. ಮಾರಿಷಸ್‌ಗೆ ಹೋಗುವವರು 1900ರ ಹೊತ್ತಿಗೆ ತೀರಾ ಕಡಿಮೆಯಾಗಿದ್ದರು. ಮದ್ರಾಸಿನಿಂದ ಫಿಜಿಗೆ ಹಡಗು ಶುರುವಾದದ್ದೇ 1903ರಲ್ಲಿ. ಮಲಯದಲ್ಲೂ ಸ್ವಲ್ಪ ಕಬ್ಬು ಇತ್ತು, ಅದನ್ನು ಪೂರ್ತಿ ತಳ್ಳಿಹಾಕುವ ಹಾಗಿಲ್ಲ. ಆದರೂ ಮದ್ರಾಸು, 1900, ಕಬ್ಬು, ಈ ಮೂರೂ ಸೇರಿದರೆ ಮೊದಲು ನೋಡಬೇಕಾದ ಜಾಗ ನಟಾಲ್. ಇವತ್ತಿನ ದಕ್ಷಿಣ ಆಫ್ರಿಕಾದ ಪೂರ್ವ ಕರಾವಳಿ, ಡರ್ಬನ್ ಸುತ್ತಮುತ್ತ.

ಇಷ್ಟೆಲ್ಲ ಬುದ್ಧಿವಂತಿಕೆ ಈಗ ತೋರಿಸುತ್ತಿದ್ದೇನೆ, ಆಗ ನಾನು ಮಾಡಿದ್ದೇನು ಗೊತ್ತಾ? ರಂಗೂನ್ ಅಂತ ದೊಡ್ಡವರೊಬ್ಬರು ಗಟ್ಟಿಯಾಗಿ ಹೇಳಿದರಲ್ಲ ಅಂತ ಎಂಟು ತಿಂಗಳು ಬರ್ಮಾ ದಾಖಲೆಗಳ ಹಿಂದೆ ಬಿದ್ದೆ. ಗಟ್ಟಿಯಾಗಿ ಹೇಳಿದವರ ಮಾತನ್ನು ನಂಬಿದೆ, ವಿವರ ಹೇಳಿದವರ ಮಾತನ್ನು ಬಿಟ್ಟೆ.

ದಾರಿ ತಿರುಗಿಸಿದ್ದು ಚಿಕ್ಕಪ್ಪನ ಸ್ಟಾಂಪ್ ಆಲ್ಬಂ. ಒಂದು ದಿನ ಊಟ ಮಾಡುತ್ತಾ ಕುಳಿತಿದ್ದಾಗ, ‘ದೊಡ್ಡ ತಾತನ ಒಂದು ಕಾಗದ ಬಂದಿತ್ತಂತೆ ಕಣೋ, ನಾನು ಸ್ಕೂಲಿಗೆ ಹೋಗೋವಾಗ ಟ್ರಂಕಲ್ಲಿ ಅದರ ಕವರ್ ಇತ್ತು’ ಅಂದರು. ಕವರ್ ಎಲ್ಲಿ ಚಿಕ್ಕಪ್ಪ ಅಂದೆ. ‘ಸ್ಟಾಂಪ್ ಕಿತ್ತುಕೊಂಡು ಬಿಸಾಕಿದೆ’ ಅಂದರು. ನನಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ. ಬೇಕಾಗಿದ್ದ ವಿಳಾಸವೇನಾದರೂ ಇದ್ದಿದ್ದರೆ ಅದು ಆ ಕವರಿನ ಮೇಲೆ ಇತ್ತು. ಉಳಿದದ್ದು ಸ್ಟಾಂಪ್ ಮಾತ್ರ. ಆಲ್ಬಂ ತೆಗೆದರೆ ಕೆಂಪು ಬಣ್ಣದ ಒಂದು ಪೆನ್ನಿ ಸ್ಟಾಂಪ್, ಗಡ್ಡದ ರಾಜ, ಮೇಲೆ ನಟಾಲ್ ಅಂತ ಇಂಗ್ಲಿಷಿನಲ್ಲಿ ಅಚ್ಚು. ಏಳನೇ ಎಡ್ವರ್ಡ್ ರಾಜನ ಚಿತ್ರದ ಈ ಸ್ಟಾಂಪನ್ನು ನಟಾಲ್ ಸರ್ಕಾರ ಹೊರಡಿಸಿದ್ದು 1902ರಲ್ಲಿ. 1910ರಲ್ಲಿ ನಟಾಲ್ ದಕ್ಷಿಣ ಆಫ್ರಿಕಾ ಒಕ್ಕೂಟಕ್ಕೆ ಸೇರಿತು. ಸುಮಾರು ಆ ಎಂಟು ವರ್ಷದೊಳಗೆ ಯಾವಾಗಲೋ ಕಾಗದ ಬಂದಿರಬೇಕು. ಅಂಚೆ ಮುದ್ರೆ ಅರ್ಧ ಮಾತ್ರ ಬಿದ್ದಿತ್ತು, ಕೊನೆಯ ನಾಲ್ಕು ಅಕ್ಷರ ಓದಲು ಬರುತ್ತಿತ್ತು. ಡರ್ಬನ್‌ನ ಉತ್ತರಕ್ಕೆ ವೆರುಲಮ್ ಅನ್ನುವ ಊರಿದೆ, ಸುತ್ತ ಕಬ್ಬಿನ ಸೀಮೆ. ಅಕ್ಷರಗಳು ಅದಕ್ಕೆ ಸರಿಯಾಗಿ ಹೊಂದುತ್ತಿದ್ದವು.

ನಟಾಲ್ ಅಂತ ಆದ ಮೇಲೆ ಕೆಲಸ ಹಗುರಾಯಿತು ಅಂದುಕೊಂಡೆ. 1860ರ ನವೆಂಬರ್ 16ರಂದು ಟ್ರೂರೋ ಅನ್ನುವ ಹಡಗು ಮದ್ರಾಸಿನಿಂದ ಡರ್ಬನ್ ಮುಟ್ಟಿತು. ಅಲ್ಲಿಂದ 1911ರವರೆಗೆ ಹಡಗುಗಳಲ್ಲಿ ಹೋದ ಕರಾರು ಕೂಲಿಗಳು 1,52,184 ಜನ. ಗಿರ್ಮಿಟ್ ಅಂತಾರಲ್ಲ, ಹುಬ್ಬಳ್ಳಿಯ ಗಿರ್ಮಿಟ್ ಅಲ್ಲ, ಅಗ್ರಿಮೆಂಟ್ ಅನ್ನುವುದು ಜನರ ಬಾಯಲ್ಲಿ ಹಾಗಾದದ್ದು, ಆ ಕರಾರು. ಒಬ್ಬೊಬ್ಬರಿಗೂ ಒಂದು ನಂಬರು ಕೊಟ್ಟು, ಹೆಸರು, ಅಪ್ಪನ ಹೆಸರು, ವಯಸ್ಸು, ಜಾತಿ, ಜಿಲ್ಲೆ, ಠಾಣೆ, ಹಳ್ಳಿ, ಮೈಮೇಲಿನ ಗುರುತು ಎಲ್ಲ ಬರೆದಿದ್ದಾರೆ. ಆ ಪಟ್ಟಿಗಳನ್ನು ಡರ್ಬನ್‌ನ ವಿಶ್ವವಿದ್ಯಾಲಯದಲ್ಲಿ ಕಂಪ್ಯೂಟರಿಗೆ ಹಾಕಿದ್ದಾರೆ. ನಮ್ಮ ಊರಿನಲ್ಲೇ ಉಳಿದ ತಮ್ಮನ ಬಗ್ಗೆ, ಅಂದರೆ ನನ್ನ ಸ್ವಂತ ಮುತ್ತಾತನ ಬಗ್ಗೆ, ಇಷ್ಟು ವಿವರ ಯಾವ ಕಾಗದದಲ್ಲೂ ಇಲ್ಲ. ಕೂಲಿಯಾಗಿ ಹೋದವರ ಕಾಲಿನ ಮೇಲಿನ ಗಾಯದ ಕಲೆಯೂ ಗೊತ್ತಾಗುತ್ತದೆ. ಲೆಕ್ಕ ಇಟ್ಟದ್ದು ಪ್ರೀತಿಯಿಂದಲ್ಲ, ಓಡಿಹೋದರೆ ಹಿಡಿಯೋಕೆ ಗುರುತು ಬೇಕಲ್ಲ.

ಹೆಸರು ಹಾಕಿ ಹುಡುಕಿದರೆ ಏನೂ ಸಿಗಲಿಲ್ಲ. ಮದ್ರಾಸಿನಲ್ಲಿ ಗುಮಾಸ್ತರು ಕಿವಿಗೆ ಬಿದ್ದದ್ದನ್ನು ಇಂಗ್ಲಿಷಿನಲ್ಲಿ ಬರೆದುಕೊಂಡವರು. ಮುನಿಸ್ವಾಮಿ ಅನ್ನುವ ಒಂದೇ ಹೆಸರು ಮುನ್ಸಾಮಿ, ಮೂನ್ಸಾಮಿ, ಮುನುಸಾಮಿ ಅಂತ ನಾಲ್ಕಾರು ವೇಷದಲ್ಲಿ ಬರುತ್ತದೆ. ಸ್ವರಗಳನ್ನು ನಂಬಬೇಡಿ, ವ್ಯಂಜನಗಳನ್ನು ಮಾತ್ರ ಹಿಡಿದುಕೊಳ್ಳಿ ಅನ್ನುವುದು ನಾನು ಕಲಿತ ಮೊದಲ ಪಾಠ. ಎರಡನೆಯದು ಊರಿನ ಹೆಸರಿನಿಂದ ಹುಡುಕುವುದು. ಅದರಲ್ಲೂ ಒಂದು ಮಜಾ ಇದೆ. ನಮ್ಮ ಊರಿನ ಹೆಸರು ಹಕಾರದಿಂದ ಶುರುವಾಗಿ ಹಳ್ಳಿಯಲ್ಲಿ ಮುಗಿಯುತ್ತದೆ. ತಮಿಳು ಗುಮಾಸ್ತನ ಕಿವಿಯಲ್ಲಿ ಹಕಾರ ನಿಲ್ಲುವುದಿಲ್ಲ. ನಮ್ಮ ಕಡೆಯವರ ಬಾಯಲ್ಲೂ ನಿಲ್ಲುವುದಿಲ್ಲ ಅನ್ನಿ. ಹೊಸಹಳ್ಳಿ ಅನ್ನುವುದು ಓಸಲ್ಲಿ ಆದ ಹಾಗೆ ನಮ್ಮ ಊರೂ ಆಗಿರಬಹುದು ಅಂತ ತಲೆಗೆ ಬಂದದ್ದು ಒಂದು ರಾತ್ರಿ, ಎದ್ದು ಕೂತು ಹಕಾರ ಬಿಟ್ಟು ಹುಡುಕಿದೆ.

ಆ ಹೊತ್ತಿಗೆ ನಾನು ಬೇರೆ ಒಬ್ಬರನ್ನು ‘ಇವರೇ’ ಅಂತ ತೀರ್ಮಾನ ಮಾಡಿ ನಾಲ್ಕು ತಿಂಗಳು ಕಳೆದಿದ್ದೆ. ಅವರ ಹೆಸರು ಸರಿ ಇತ್ತು. ಅಪ್ಪನ ಹೆಸರೂ ಸರಿ ಇತ್ತು. ವಯಸ್ಸು 23, ನಮ್ಮ ಲೆಕ್ಕಕ್ಕೆ ಒಂದೇ ವರ್ಷ ಕಡಿಮೆ. ಊರು ಮಾತ್ರ ಹೊಂದಲಿಲ್ಲ, ಗುಮಾಸ್ತ ತಪ್ಪು ಬರೆದಿರಬೇಕು ಅಂತ ನಾನೇ ಸಮಾಧಾನ ಮಾಡಿಕೊಂಡೆ. ಅಪ್ಪನ ಹೆಸರು ಸರಿಹೊಂದಿತು ಅನ್ನುವುದಕ್ಕೆ ನಮ್ಮಲ್ಲಿ ಬೆಲೆ ಕಡಿಮೆ ಅಂತ ಯಾಕೆ ಹೊಳೆಯಲಿಲ್ಲವೋ. ಹಿರೀ ಮೊಮ್ಮಗನಿಗೆ ತಾತನ ಹೆಸರಿಡುವ ಮನೆಗಳಲ್ಲಿ ಅದೇ ಎರಡು ಹೆಸರು ತಲೆಮಾರು ಬಿಟ್ಟು ತಲೆಮಾರು ತಿರುಗುತ್ತಿರುತ್ತವೆ. ಇಡೀ ಸೀಮೆಯಲ್ಲಿ ಅಂಥ ಅಪ್ಪ ಮಗನ ಜೋಡಿ ಎಷ್ಟೋ ಇರುತ್ತವೆ. ಕೊನೆಗೆ ಅವರ ಸಾಲಿನ ತುದಿಯಲ್ಲಿದ್ದ ಷರಾ ನೋಡಿದೆ. ಕರಾರು ಮುಗಿಸಿ ಮದ್ರಾಸಿಗೆ ವಾಪಸ್ ಹೋಗಿದ್ದಾರೆ ಅಂತ ಇತ್ತು. ಯಾರದೋ ಮನೆಯ ಮಗ, ತನ್ನ ಮನೆಗೆ ಸೇರಿದ. ನನ್ನ ನಾಲ್ಕು ತಿಂಗಳು ಹೋಯಿತು.

ಹಕಾರ ಬಿಟ್ಟು ಹುಡುಕಿದಾಗ ಸಿಕ್ಕವರ ವಯಸ್ಸು 30. ಅದಕ್ಕೇ ಮೊದಲು ಬಿಟ್ಟಿದ್ದೆ. ಆದರೆ ಆ ವಯಸ್ಸೆಲ್ಲ ಕಣ್ಣಂದಾಜು, ಹುಟ್ಟಿದ ದಿನ ಯಾರಿಗೆ ಗೊತ್ತಿತ್ತು? ಜಿಲ್ಲೆ ಮೈಸೂರು, ಠಾಣೆ ಕೋಲಾರ, ಹಳ್ಳಿ ನಮ್ಮದೇ, ತಲೆ ಕತ್ತರಿಸಿಕೊಂಡ ರೂಪದಲ್ಲಿ. ಕೆಲಸಕ್ಕೆ ಕಳಿಸಿದ್ದು ವೆರುಲಮ್ ಹತ್ತಿರದ ಒಂದು ಕಬ್ಬಿನ ಎಸ್ಟೇಟಿಗೆ. ಸ್ಟಾಂಪಿನ ಮುದ್ರೆಗೂ ಇದಕ್ಕೂ ತಾಳೆಯಾಯಿತು. ಗುರುತಿನ ಕಾಲಮ್ಮಿನಲ್ಲಿ ಬಲಗಾಲಿನ ಮೇಲೆ ಗಾಯದ ಕಲೆ ಅಂತ ಇತ್ತು. ಇದನ್ನು ಕೇಳಿ ಅತ್ತೆ, ‘ಹೋರಿ ತಿವಿದಿತ್ತಂತೆ’ ಅಂದುಬಿಟ್ಟರು. ಎಲ್ಲರಿಗೂ ರೋಮಾಂಚನ. ನಾನು ಅದನ್ನು ಸಾಕ್ಷಿ ಅಂತ ಇಟ್ಟುಕೊಳ್ಳಲಿಲ್ಲ. ಆ ಪಟ್ಟಿಯಲ್ಲಿ ಕಾಲಿನ ಮೇಲೆ ಕಲೆ ಇಲ್ಲದವರೇ ಕಡಿಮೆ, ಮತ್ತೆ ಅತ್ತೆಗೆ ಈ ಹೋರಿ ಅಷ್ಟು ದಿನ ನೆನಪಾಗದೆ ಅವತ್ತೇ ನೆನಪಾಯಿತಲ್ಲ.

ನಿಜವಾಗಿ ಬೆಚ್ಚಿಬೀಳಿಸಿದ್ದು ಅದರ ಕೆಳಗಿನ ಸಾಲು. ಮುಂದಿನ ನಂಬರು ಒಬ್ಬ ಹೆಣ್ಣುಮಗಳದು, ವಯಸ್ಸು 20, ಉತ್ತರ ಆರ್ಕಾಟ್ ಜಿಲ್ಲೆ, ಬೇರೆ ಜಾತಿ. ಷರಾ: ಹಿಂದಿನ ನಂಬರಿನವರ ಹೆಂಡತಿ. ಒಬ್ಬನೇ ಹೋದ ಅಂತ ನಮ್ಮ ಮನೆಯಲ್ಲಿ ನೂರು ವರ್ಷದಿಂದ ಹೇಳುತ್ತಾ ಬಂದಿದ್ದರು. 100 ಗಂಡಸರಿಗೆ 40 ಹೆಂಗಸರಾದರೂ ಹಡಗಿನಲ್ಲಿ ಇರಬೇಕು ಅನ್ನುವ ನಿಯಮ ಇತ್ತು. ಮದ್ರಾಸಿನ ಡಿಪೋದಲ್ಲಿ ಹಡಗು ಕಾಯುತ್ತಾ ಕೂತವರು ಅಲ್ಲೇ ಗಂಡ ಹೆಂಡತಿ ಅಂತ ಬರೆಸಿಕೊಂಡದ್ದೂ ಉಂಟು. ಇವರದ್ದು ಹಾಗೋ, ಊರು ಬಿಡುವ ಮೊದಲೇ ಪರಿಚಯವೋ ಹೇಳಲಾರೆ. ನಮ್ಮಲ್ಲಿ ಕೆಲವರು ತಕ್ಷಣ ಒಂದು ಪ್ರೇಮಕಥೆ ಕಟ್ಟಿದರು. ಕೆಲವರು ಮುಖ ಸಿಂಡರಿಸಿದರು. ಪಟ್ಟಿಯಲ್ಲಿ ಇರುವುದು ಎರಡು ನಂಬರು ಅಕ್ಕಪಕ್ಕ, ಅಷ್ಟೇ.

ಈಗ ಆ ಕಾಗದದ ವಿಷಯ. ಒಂದೇ ಕಾಗದ ಬಂತು, ಆಮೇಲೆ ಸುದ್ದಿ ಇಲ್ಲ, ದುಡ್ಡು ಕಾಸು ಇಲ್ಲ. ಮರೆತುಬಿಟ್ಟ, ಅಲ್ಲೇ ಚೆನ್ನಾಗಿದ್ದ ಅಂತ ಮುತ್ತಾತ ಕೊನೆಯವರೆಗೂ ಬೇಜಾರು ಮಾಡಿಕೊಂಡಿದ್ದರಂತೆ. ನಾನೂ ಹಾಗೇ ನಂಬಿದ್ದೆ, ನಟಾಲ್‌ನ ಕೂಲಿ ಲೆಕ್ಕ ಓದುವವರೆಗೆ. ಕರಾರು ಐದು ವರ್ಷ. ಮೊದಲ ವರ್ಷ ತಿಂಗಳಿಗೆ 10 ಷಿಲ್ಲಿಂಗ್, ವರ್ಷಕ್ಕೆ ಒಂದೊಂದು ಷಿಲ್ಲಿಂಗ್ ಜಾಸ್ತಿಯಾಗಿ ಕೊನೆಗೆ 14. 1895ರಲ್ಲಿ ಅಲ್ಲಿನ ಸರ್ಕಾರ ಒಂದು ಕಾನೂನು ಮಾಡಿತು. ಕರಾರು ಮುಗಿದ ಮೇಲೆ ವಾಪಸ್ ಹೋಗಬೇಕು, ಇಲ್ಲ ಮತ್ತೆ ಕರಾರು ಬರೆದುಕೊಡಬೇಕು, ಎರಡೂ ಬೇಡ ಅಂದರೆ ವರ್ಷಕ್ಕೆ 3 ಪೌಂಡ್ ತೆರಿಗೆ ಕಟ್ಟಬೇಕು. 3 ಪೌಂಡ್ ಅಂದರೆ 60 ಷಿಲ್ಲಿಂಗ್, ಮೊದಲ ವರ್ಷದ ಕೂಲಿಯಲ್ಲಿ ಸರಿಯಾಗಿ ಆರು ತಿಂಗಳದ್ದು. ಹೆಂಗಸಿಗೂ ಅಷ್ಟೇ. ಮುಂದೆ 16 ದಾಟಿದ ಗಂಡು ಮಕ್ಕಳಿಗೆ, 13 ದಾಟಿದ ಹೆಣ್ಣು ಮಕ್ಕಳಿಗೂ ಹಾಕಿದರು. ದೊಡ್ಡ ತಾತನ ಮೊದಲ ಕರಾರು ಮುಗಿಯುವುದು 1905-06ರ ಸುಮಾರಿಗೆ. ಗಂಡ ಹೆಂಡತಿ ಸ್ವತಂತ್ರವಾಗಿ ಇರಬೇಕು ಅಂದರೆ ವರ್ಷಕ್ಕೆ 6 ಪೌಂಡ್ ಎತ್ತಿಡಬೇಕು. ಅವರ ದಾಖಲೆಯಲ್ಲಿ ಎರಡನೇ ಸಲ ಕರಾರಿಗೆ ಸಹಿ ಹಾಕಿದ ಷರಾ ಇದೆ. ಸಹಿ ಅಂದರೆ ಹೆಬ್ಬೆಟ್ಟು. ಊರಿನಲ್ಲಿ ಕೂತವರಿಗೆ ಇದ್ಯಾವುದೂ ಗೊತ್ತಿರಲಿಲ್ಲ. ಕಾಗದ ನಿಂತದ್ದಕ್ಕೆ ಇದೇ ಕಾರಣ ಅಂತ ಬರೆದಿಟ್ಟವರು ಯಾರೂ ಇಲ್ಲ. ಆದರೆ ಚೆನ್ನಾಗಿದ್ದು ಮರೆತರು ಅನ್ನುವ ಮಾತನ್ನು ನಮ್ಮ ಮನೆಯಲ್ಲಿ ಇನ್ನು ಮೇಲೆ ಯಾರೂ ಆಡುವ ಹಾಗಿಲ್ಲ. ಆ ತೆರಿಗೆ ಹೋದದ್ದು 1914ರಲ್ಲಿ, ಅದಕ್ಕೆ ಹಿಂದಿನ ವರ್ಷ ಗಣಿಯವರು, ಕಬ್ಬಿನ ತೋಟದವರು ಎಲ್ಲ ಕೆಲಸ ನಿಲ್ಲಿಸಿ ಬೀದಿಗೆ ಇಳಿದ ಮೇಲೆ. ಗಾಂಧೀಜಿ ನ್ಯೂಕ್ಯಾಸಲ್‌ನಿಂದ ನಡೆಸಿಕೊಂಡು ಹೋದ ಮೆರವಣಿಗೆ ಅದೇ ಮುಷ್ಕರದ್ದು. ನಮ್ಮವರು ಅದರಲ್ಲಿ ಇದ್ದರಾ ಅಂತ ಎಲ್ಲರೂ ಕೇಳುತ್ತಾರೆ. ಇದ್ದರು ಅನ್ನೋಕೆ ನನ್ನ ಹತ್ತಿರ ಒಂದು ಚೂರು ಕಾಗದವೂ ಇಲ್ಲ.

ಅಲ್ಲಿಂದ ಮುಂದೆ ದಾರಿ ಕಟ್ಟಾಯಿತು. ನಮ್ಮ ಮನೆತನದ ಹೆಸರಿನಲ್ಲಿ ಹುಡುಕಿದೆ, ಊರಿನ ಹೆಸರಿನಲ್ಲಿ ಹುಡುಕಿದೆ, ಮಕ್ಕಳು ಅಂತ ಯಾರೂ ಇಲ್ಲ. ‘ಸಂತಾನ ಇಲ್ಲ’ ಅಂತ ಬರೆದವರೇ ಸರಿ ಇರಬಹುದು ಅಂತ ಒಂದು ಹಂತದಲ್ಲಿ ಅನ್ನಿಸಿತು. ಆಮೇಲೆ ಫ್ಯಾಮಿಲಿಸರ್ಚ್ ತಾಣದಲ್ಲಿ ನಟಾಲ್‌ನ ರಾಜಧಾನಿ ಪೀಟರ್‌ಮಾರಿಟ್ಸ್‌ಬರ್ಗ್‌ನ ಆಸ್ತಿ ಕಡತಗಳನ್ನು ನೋಡಲು ಶುರು ಮಾಡಿದೆ. ಅದು ಪುಕ್ಕಟೆ, ಒಂದು ಖಾತೆ ತೆರೆದರೆ ಸಾಕು. ದಕ್ಷಿಣ ಆಫ್ರಿಕಾದಲ್ಲಿ ಯಾರಾದರೂ ಸತ್ತಾಗ ಸಾವಿನ ನೋಟಿಸ್ ಅಂತ ಒಂದು ನಮೂನೆ ತುಂಬುತ್ತಾರೆ. ಸತ್ತವರ ಅಪ್ಪ ಅಮ್ಮ ಯಾರು, ಹುಟ್ಟಿದ್ದು ಎಲ್ಲಿ, ಗಂಡ ಅಥವಾ ಹೆಂಡತಿ ಯಾರು, ಮಕ್ಕಳ ಹೆಸರೇನು, ಎಲ್ಲ ಅದರಲ್ಲೇ. ವಂಶ ಹುಡುಕುವವರಿಗೆ ಇದಕ್ಕಿಂತ ಒಳ್ಳೆಯ ಕಾಗದ ಇಲ್ಲ. ದೊಡ್ಡ ತಾತ ಕೊನೆಗೆ ಚೂರು ಜಮೀನು ಹಿಡಿದು ತರಕಾರಿ ಬೆಳೆಯುತ್ತಿದ್ದರು, ಹಾಗಾಗಿ ಕಡತ ಉಳಿದಿದೆ. ಏನೂ ಇಲ್ಲದೆ ಸತ್ತಿದ್ದರೆ ಇದೂ ಇರುತ್ತಿತ್ತೋ ಇಲ್ಲವೋ.

ಆ ನಮೂನೆಯಲ್ಲಿ ಐದು ಮಕ್ಕಳು. ಐವರ ಹೆಸರಿನ ಕೊನೆಯಲ್ಲೂ ದೊಡ್ಡ ತಾತನ ಹೆಸರು, ಸರ್‌ನೇಮ್ ಆಗಿ. ನಮ್ಮ ಕಡೆ ಆಗ ಸರ್‌ನೇಮ್ ಎಲ್ಲಿತ್ತು, ಈಗಲೂ ಒಂದು ಇನಿಷಿಯಲ್ ಇದೆ ಅಷ್ಟೇ. ಅಲ್ಲಿನ ಕಚೇರಿಗಳಿಗೆ ಸರ್‌ನೇಮ್ ಇಲ್ಲದೆ ಆಗುವುದಿಲ್ಲ, ಅಪ್ಪನ ಹೆಸರನ್ನೇ ಮಕ್ಕಳ ಮನೆತನ ಅಂತ ಬರೆದುಕೊಂಡರು. ಮಕ್ಕಳದ್ದು ಮೊಮ್ಮಕ್ಕಳಿಗೆ, ಅವರದ್ದು ಮರಿಮಕ್ಕಳಿಗೆ. ನಾನು ನಮ್ಮ ಮನೆತನದ ಹೆಸರಿರುವವರನ್ನು ಹುಡುಕುತ್ತಿದ್ದೆ. ಅಲ್ಲಿ ಇವರೇ ಒಂದು ಮನೆತನ ಆಗಿ ಕೂತಿದ್ದರು. ಇಲ್ಲಿ ಅವರ ಹೆಸರು ಬರೆಯದೇ ಇರುವುದು ಇದಕ್ಕೇ. ಬರೆದರೆ ಈಗ ಬದುಕಿರುವ ಒಂದು ದೊಡ್ಡ ಸಂಸಾರದ ಸರ್‌ನೇಮ್ ಬರೆದ ಹಾಗೆ.

ಸತ್ತವರಿಂದ ಬದುಕಿರುವವರ ಹತ್ತಿರ ಬರುವುದು ಇನ್ನೊಂದು ಪಾಡು. ನಮೂನೆಯಲ್ಲಿದ್ದ ವಿಳಾಸ ಈಗ ಇಲ್ಲ. 1950ರ ಗ್ರೂಪ್ ಏರಿಯಾಸ್ ಕಾನೂನು ಬಂದ ಮೇಲೆ ಬಣ್ಣ ನೋಡಿ ಜನರನ್ನು ಎಬ್ಬಿಸಿದರು. ಡರ್ಬನ್ ಸುತ್ತ ಇದ್ದ ಭಾರತೀಯರಲ್ಲಿ ತುಂಬಾ ಜನ ಚಾಟ್ಸ್‌ವರ್ತ್, ಫೀನಿಕ್ಸ್ ಬಡಾವಣೆಗಳಿಗೆ ಹೋಗಬೇಕಾಯಿತು. ಹಾಗಾಗಿ ಕೊನೆಗೆ ಡಿಎನ್‌ಎ ಪರೀಕ್ಷೆಗೆ ಕೈ ಹಾಕಿದೆವು. ಇದರಲ್ಲಿ ಒಂದು ಮಾತು ಹೇಳಬೇಕು. ಪರೀಕ್ಷೆ ಮಾಡಿಸುವುದಾದರೆ ಮನೆಯ ಅತಿ ಹಿರಿಯರಿಗೆ ಮೊದಲು ಮಾಡಿಸಿ. ದೊಡ್ಡ ತಾತನ ಮರಿಮಕ್ಕಳಿಗೂ ನನಗೂ ನಡುವೆ ಹಂಚಿಕೆಯಾಗಿರುವ ಡಿಎನ್‌ಎ ಸರಾಸರಿ 73 ಸೆಂಟಿಮಾರ್ಗನ್ ಸುಮಾರು. ಸೆಂಟಿಮಾರ್ಗನ್ ಅಂದರೆ ಡಿಎನ್‌ಎ ಅಳೆಯುವ ಮಾನ, ಅಂಕಿ ಜಾಸ್ತಿ ಇದ್ದಷ್ಟೂ ಸಂಬಂಧ ಹತ್ತಿರ. ಅಷ್ಟು ದೂರದ ಸಂಬಂಧದಲ್ಲಿ ಹತ್ತರಲ್ಲಿ ಒಬ್ಬರಿಗೆ ಏನೂ ಹೊಂದುವುದೇ ಇಲ್ಲ. ಚಿಕ್ಕಪ್ಪ ಒಂದು ತಲೆಮಾರು ಮೇಲೆ, ಅವರಿಗೆ ಸರಾಸರಿ 120ರ ಸುಮಾರು. ಸ್ಟಾಂಪ್ ಕಿತ್ತ ಪಾಪ ಕಳೆದುಕೊಳ್ಳಿ ಅಂತ ಅವರನ್ನೇ ಉಗುಳಿಸಿದೆ.

ಚಿಕ್ಕಪ್ಪನಿಗೆ ಡರ್ಬನ್‌ನ ಒಬ್ಬ ಮಹಿಳೆಯ ಜೊತೆ ಹೊಂದಿಕೆ ಬಂತು, 140ಕ್ಕೂ ಜಾಸ್ತಿ. ಸರ್‌ನೇಮ್ ನೋಡಿ ನನ್ನ ಕೈ ನಡುಗಿತು. ಆದರೂ ಅಂಕಿಯನ್ನು ನಾನು ಪೂರ್ತಿ ನಂಬಲಿಲ್ಲ. ನಮ್ಮಲ್ಲಿ ಸೋದರಮಾವನಿಗೆ ಕೊಟ್ಟದ್ದು, ಅತ್ತೆ ಮಗಳನ್ನು ತಂದದ್ದು ತಲೆಮಾರುಗಟ್ಟಲೆ ಇದೆ. ಒಂದೇ ರಕ್ತ ಎರಡು ಮೂರು ದಾರಿಯಲ್ಲಿ ಬಂದಿರುತ್ತದೆ, ಅದಕ್ಕೆ ಅಂಕಿ ಇರುವುದಕ್ಕಿಂತ ಹತ್ತಿರ ತೋರಿಸುತ್ತದೆ. ಹಾಗೆ ಮದುವೆಯಾಗದ ಜನರಿಂದ ಮಾಡಿದ ಕೋಷ್ಟಕಗಳು ನಮಗೆ ಸರಿಯಾಗಿ ಕೂರುವುದಿಲ್ಲ. ಹಡಗಿನ ಪಟ್ಟಿ, ಸ್ಟಾಂಪು, ಸಾವಿನ ನೋಟಿಸು, ಸರ್‌ನೇಮ್, ಆಮೇಲೆ ಈ ಅಂಕಿ, ಎಲ್ಲ ಒಟ್ಟಿಗೆ ಇಟ್ಟಾಗ ಮಾತ್ರ ನನಗೆ ಧೈರ್ಯ ಬಂತು.

ಅವರಿಗೆ ಬರೆದ ಮೊದಲ ಪತ್ರ ಆರೇ ಸಾಲು. ನಾವು ಯಾರು, ಯಾಕೆ ಬರೆಯುತ್ತಿದ್ದೇವೆ, ಉತ್ತರ ಕೊಡಲೇಬೇಕು ಅಂತ ಇಲ್ಲ. ದೊಡ್ಡ ತಾತನ ಹೆಂಡತಿಯ ಜಾತಿ, ಎರಡನೇ ಕರಾರು ಯಾವುದನ್ನೂ ಹೇಳಲಿಲ್ಲ. ಅವರಿಗೆ ಎಷ್ಟು ಗೊತ್ತಿದೆಯೋ, ಎಷ್ಟು ಬೇಕೋ. ಈ ಕಡೆ ನಮ್ಮ ಸಂಬಂಧಿಕರೊಬ್ಬರು ಸುದ್ದಿ ಕೇಳಿದ ಕೂಡಲೇ, ‘ಅವರು ಬಂದು ಪಾಲು ಕೇಳಿದರೆ?’ ಅಂದರು. ಮೂರು ವರ್ಷದ ಕೆಲಸಕ್ಕೆ ಸಿಕ್ಕ ಮೊದಲ ಪ್ರತಿಕ್ರಿಯೆ ಅದು.

ಎರಡು ತಿಂಗಳಾದ ಮೇಲೆ ಉತ್ತರ ಬಂತು, ಆಮೇಲೆ ವಿಡಿಯೋ ಕರೆ. ಆಕೆ ನಿವೃತ್ತ ಟೀಚರ್, ಇಂಗ್ಲಿಷ್ ಮಾತ್ರ ಮಾತಾಡುತ್ತಾರೆ. ನಾನು ನಿಮಗೆ ಏನಾಗಬೇಕು ಅಂತ ಕೇಳಿದರು. ಅಲ್ಲಿನ ಲೆಕ್ಕದಲ್ಲಿ ಮೂರನೇ ಕಸಿನ್, ನಮ್ಮಲ್ಲಿ ಅದಕ್ಕೆಲ್ಲ ಅಂತರ ಇಲ್ಲ, ಅಣ್ಣತಮ್ಮಂದಿರ ಮರಿಮಕ್ಕಳು, ನೀವು ನನಗೆ ಅಕ್ಕ ಅಂದೆ. ‘ಅಕ್ಕ’ ಅನ್ನುವ ಮಾತು ಅವರ ಮನೆಯಲ್ಲೂ ಉಳಿದಿದೆ, ತಾತ ಅನ್ನುವುದೂ ಉಳಿದಿದೆ. ಚಿಕ್ಕಪ್ಪ ಆಲ್ಬಂ ತೆರೆದು ಸ್ಟಾಂಪನ್ನು ಕ್ಯಾಮರಾಕ್ಕೆ ಹಿಡಿದರು. ಆಕೆ ತುಂಬಾ ಹೊತ್ತು ನೋಡಿದರು.

ಆಮೇಲೆ ಅವರು ಕೇಳಿದ್ದು ದೊಡ್ಡ ತಾತನ ವಿಷಯ ಅಲ್ಲ. ಅವರನ್ನು ಕಂಡವರು ಅವರ ಮನೆಯಲ್ಲಿ ಕಡಿಮೆ, ಬೇಗ ತೀರಿಕೊಂಡರು. ಐದು ಮಕ್ಕಳನ್ನು ಸಾಕಿ ಬದುಕು ಕಟ್ಟಿದ್ದು ಆಕೆ, ಪಟ್ಟಿಯ ಕೆಳಗಿನ ಸಾಲಿನವಳು. ಅವರ ಮನೆಯ ಕಥೆಗಳೆಲ್ಲ ಆಕೆಯವೇ. ‘ನಮ್ಮ ಅಜ್ಜಿಯ ಕಡೆಯವರು ಯಾರಾದರೂ ಇದ್ದಾರಾ, ನಿಮಗೆ ಗೊತ್ತಾ?’ ಅಂದರು. ನಮ್ಮ ಪೆನ್ಸಿಲ್ ವಂಶಾವಳಿಯಲ್ಲಿ ಆಕೆಗೆ ಒಂದು ಚೌಕವೂ ಇಲ್ಲ. ಉತ್ತರ ಆರ್ಕಾಟ್‌ನ ಒಂದು ಠಾಣೆಯ ಹೆಸರು ಇದೆ, ಹಳ್ಳಿಯ ಹೆಸರು ನಾಲ್ಕು ಥರ ಓದಬಹುದು. ಚಿಕ್ಕಪ್ಪ ಈಗ ತಮಿಳು ಬಲ್ಲವರೊಬ್ಬರನ್ನು ಕೂರಿಸಿಕೊಂಡು ಆ ನಾಲ್ಕನ್ನೂ ಜೋರಾಗಿ ಓದಿಸಿ ಕೇಳುತ್ತಿದ್ದಾರೆ.